ಮುಚ್ಚಿಟ್ಟ ಬಲಗಡೆಯ ಪುಟ

ವೇದಿಕೆಯ ಮೇಲಿರುವ ಪೂಜ್ಯರ ಪಾದಗಳಿಗೆ ಶರಣು. ಅಧ್ಯಕ್ಷರೇ, ಮುಖ್ಯ ಅತಿಥಿಗಳೇ, ಎಪ್ಪತ್ತೈದು ತುಂಬಿ ಈ ಸನ್ಮಾನಕ್ಕೆ ಕಾರಣರಾದ ಡಾ. ಈರಪ್ಪ ಕಮಡೊಳ್ಳಿ ಮಾಸ್ತರರೇ, ಮುಂದಿನ ಸಾಲಿನ ತಾಯಂದಿರೇ, ಬಾಗಿಲ ಹತ್ತಿರ ನಿಂತು ಮಿರ್ಚಿ ಭಜಿಯ ವಾಸನೆ ಹೀರುತ್ತಿರುವ ಸಭಿಕರೇ,

ಭಜಿಯ ಪೊಟ್ಟಣಗಳನ್ನು ಈಗಲೇ ಹಂಚಿರೆಂದು ಹೇಳಿದವನು ನಾನೇ. ದಯವಿಟ್ಟು ಯಾರೂ ಬಿಚ್ಚಬೇಡಿ. ಯಾಕೆ ಎಂಬುದನ್ನು ಕಡೆಗೆ ಹೇಳುತ್ತೇನೆ. ಏ ಹೇಮಂತಾ, ನಿನಗೂ ಸೇರಿ ಹೇಳಾಕತ್ತೇನಿ.

ನನ್ನ ಹೆಸರು ಸಂಗನಬಸವ. ಬಸ್ ನಿಲ್ದಾಣದ ಬಾಜು ಜೆರಾಕ್ಸ್ ಅಂಗಡಿ. ನಾನೇನು ಪಂಡಿತನೇ? ಅಲ್ಲ. ಸಾಹಿತಿಯೇ? ಖಂಡಿತ ಅಲ್ಲ. ಆದರೆ ಮಾಸ್ತರರ ಪುಸ್ತಕದ ಬಗ್ಗೆ ಮಾತಾಡುವ ಯೋಗ್ಯತೆ ಈ ಊರಿನಲ್ಲಿ ನನಗಿರುವಷ್ಟು ಯಾರಿಗೂ ಇಲ್ಲ. ಆ ಯೋಗ್ಯತೆ ಎಂಥದೆಂಬುದನ್ನು ಕೇಳಿದರೆ ನೀವೇ ನನ್ನನ್ನು ವೇದಿಕೆಯಿಂದ ಇಳಿಸುತ್ತೀರಿ.

ಮಾಸ್ತರರು ಹೈಸ್ಕೂಲಿನಲ್ಲಿ ನನಗೆ ಇತಿಹಾಸ ಕಲಿಸಿದರು. ನಿವೃತ್ತರಾದ ಮೇಲೆ ದಿನಾ ಬೆಳಿಗ್ಗೆ ಎಂಟಕ್ಕೆ ನನ್ನ ಅಂಗಡಿಗೆ ಬಂದು ಚಹಾ ಕುಡಿಯುತ್ತಿದ್ದರು. ಜೇಬಿನಲ್ಲಿ ಕೆಂಪು ಪೆನ್ಸಿಲ್. ಯಾರದೇ ಲಗ್ನಪತ್ರಿಕೆ ಕಣ್ಣಿಗೆ ಬಿದ್ದರೂ ತಿದ್ದುತ್ತಿದ್ದರು. ಒಮ್ಮೆ ಮದುಮಗನ ಹೆಸರನ್ನೇ ತಿದ್ದಿದರು. ಅದೇ ಸರಿ ಎಂದು ಆಮೇಲೆ ಅವನ ಅಜ್ಜ ಒಪ್ಪಿಕೊಂಡರು.

ಒಂಬತ್ತು ವರ್ಷದ ಹಿಂದೆ ಮಾಸ್ತರರ ಪುಸ್ತಕ ಬಂತು. ದೇವರು, ಚರಿತ್ರೆ, ರಾಜಕೀಯ, ಮೂರೂ ಸೇರಿ ಐದುನೂರು ಪುಟ. ಊರಿನಲ್ಲಿ ಯಾರು ಓದಿದರು? ಯಾರೂ ಓದಲಿಲ್ಲ. ಆದರೆ ಯಾರು ಜಗಳಾಡಿದರು? ಎಲ್ಲರೂ ಜಗಳಾಡಿದರು. ಯಾಕೆಂದರೆ ಈಗ ಸನ್ಮಾನ ಸಮಿತಿಯ ಕಾರ್ಯದರ್ಶಿಯಾಗಿರುವ ನಮ್ಮ ಹೇಮಂತ ಆ ದಿನ ಇಪ್ಪತ್ತು ಮಂದಿಯನ್ನು ಕಟ್ಟಿಕೊಂಡು ಅಂಗಡಿಗೆ ಬಂದ. ನೂರಾಹನ್ನೆರಡನೆಯ ಪುಟ ತೆರೆದು ತೋರಿಸಿದ. ನಮ್ಮ ಹಳ್ಳದ ದಂಡೆಯ ಮಲ್ಲಯ್ಯನ ಗುಡಿ ಹಳೆಯದೇ ಅಲ್ಲ, ಅದರ ಕಥೆಯನ್ನು ಯಾರೋ ಚುನಾವಣೆಗಾಗಿ ಕಟ್ಟಿದ್ದು ಎಂದು ಅಲ್ಲಿ ಅಚ್ಚಾಗಿತ್ತು.

"ನೋಡ್ರಿ ಸಂಗನಬಸವಣ್ಣಾರ, ನಮ್ಮ ದೇವರಿಗೇ ಕೈ ಹಚ್ಯಾರ. ಇದನ್ನ ನೂರು ಕಾಪಿ ತಗೀರಿ" ಎಂದ.

ಸಭಿಕರೇ, ಅಲ್ಲಿಯವರೆಗೆ ಅವನು ನನ್ನನ್ನು ಕರೆಯುತ್ತಿದ್ದದ್ದು "ಲೇ ಸಂಗ್ಯಾ" ಎಂದು. ನನ್ನ ಪೂರ್ತಿ ಹೆಸರನ್ನು ನಾನೇ ಮರೆತಿದ್ದೆ. ನೂರು ಕಾಪಿ ತೆಗೆದೆ. ಸಂಜೆ ಆಚೆ ಓಣಿಯವರು ಬಂದರು. "ಮಾಸ್ತರ್ರು ಅಗದಿ ಧೈರ್ಯದ ಮಾತು ಬರದಾರ, ನಮಗೂ ನೂರು ಕೊಡ್ರಿ" ಎಂದರು. ಬೈಯುವವರಿಗೆ ನೂರು, ಹೊಗಳುವವರಿಗೆ ನೂರು. ಎರಡೂ ಕಡೆ ಹೋದದ್ದು ಅದೇ ಹಾಳೆ.

ಉಳಿದ ಹಾಳೆಗಳನ್ನು ಪಕ್ಕದ ಭಜಿ ಅಂಗಡಿಯ ರಾಜಮಾಬಿಗೆ ಕೊಟ್ಟೆ. ಅವಳೂ ಮಾಸ್ತರರ ವಿದ್ಯಾರ್ಥಿನಿ. ಭಜಿ ಕಟ್ಟುವ ಮೊದಲು ಓದಿದಳು.

"ಸಂಗಣ್ಣಾ, ಇದರಾಗ ಮಾತು ಅರ್ಧಕ್ಕ ನಿಂತೈತಲ್ಲೋ. ಮುಂದಿನ ಹಾಳಿ ಎಲ್ಲೈತಿ?"

"ಮಶೀನು ತಗೋಳಿಲ್ಲಬೇ."

"ನಿನ್ನ ಮಶೀನಿಗೆ ಇಷ್ಟು ಶಾಣ್ಯಾತನ ಯಾವಾಗ ಬಂತೋ?"

ಮಹನೀಯರೇ, ಒಂಬತ್ತು ವರ್ಷ ನಾನು ತಪ್ಪನ್ನು ಮಶೀನಿನ ಮೇಲೇ ಹಾಕಿದೆ. ಪುಸ್ತಕವನ್ನು ತೆರೆದು ಗಾಜಿನ ಮೇಲೆ ಬೋರಲು ಹಾಕಿದರೆ ಎಷ್ಟು ಪುಟ ಬರುತ್ತವೆ? ಎರಡು. ಮೊದಲ ಕಾಪಿಯಲ್ಲಿ ಎರಡೂ ಬಂದಿದ್ದವು. ಹಾಳೆ ಬಿಸಿಯಿರುವಾಗಲೇ ನಾನು ನೂರಾಹದಿಮೂರನ್ನು ಓದಿದೆ. "ಎಂದು ಕೆಲವು ಪಂಡಿತರು ವಾದಿಸುತ್ತಾರೆ. ಈ ವಾದ ನಿಲ್ಲುವುದಿಲ್ಲ" ಎಂದು ಅದು ಶುರುವಾಗುತ್ತದೆ! ಗುಡಿಯ ಕಲ್ಲಿನ ಮೇಲಿನ ಅಕ್ಷರ, ನಮ್ಮ ಅಜ್ಜಿಯರ ಹಾಡು, ದೀಪದ ಬತ್ತಿಗೆ ತಲೆಮಾರಿನಿಂದ ಅರಿವೆ ಕೊಡುತ್ತ ಬಂದ ರಾಜಮಾಬಿಯ ಮನೆತನ, ಎಲ್ಲವನ್ನೂ ಸಾಕ್ಷಿಗೆ ನಿಲ್ಲಿಸಿದ್ದಾರೆ. ಎದುರಿನವನ ಮಾತನ್ನು ಅವನಿಗಿಂತ ಚಂದ ಹೇಳಿ ಆಮೇಲೆ ಉತ್ತರ ಕೊಡುವುದು ಪಂಡಿತರ ಪದ್ಧತಿ. ಮೊದಲನೆಯದಕ್ಕೆ ಪೂರ್ವಪಕ್ಷ ಎನ್ನುತ್ತಾರೆಂದು ಮಾಸ್ತರರು ನನಗೆ ಒಂಬತ್ತನೆಯ ಇಯತ್ತೆಯಲ್ಲೇ ಕಲಿಸಿದ್ದರು. ಗೊತ್ತಿದ್ದೂ ನಾನೇನು ಮಾಡಿದೆ? ಯಾರದೋ ಲಗ್ನಪತ್ರಿಕೆಯ ಖಾಲಿ ಬದಿಯನ್ನು ಕೆಳಗೆ ಮಾಡಿ ಬಲಗಡೆಯ ಪುಟ ಮುಚ್ಚಿದೆ. ಮುಚ್ಚಿರೆಂದು ಹೇಮಂತ ಹೇಳಿರಲಿಲ್ಲ. ಅವನು ಆ ಪುಟ ಓದಿಯೂ ಇರಲಿಲ್ಲ. ಇಪ್ಪತ್ತು ಮಂದಿಯ ಎದುರು "ತಡೀರಿ, ನೀವು ಹೇಳೂದು ತಪ್ಪೈತಿ" ಎಂದರೆ ಮತ್ತೆ "ಲೇ ಸಂಗ್ಯಾ" ಆಗುತ್ತೇನೆಂದು ಹೆದರಿದೆ. ಈ ಕೈಯಿಂದಲೇ ಮುಚ್ಚಿದೆ.

ಮರುದಿನ ಮಾಸ್ತರರ ಮನೆಯ ಮುಂದೆ ಘೋಷಣೆ ಕೂಗಿದರು. ಅವರು ಹೊರಗೆ ಬಂದು, "ಓದಿದವರು ಯಾರರ ಇದ್ದರ ಒಳಗ ಬರ್ರಿ, ಮಾತಾಡೂಣು" ಎಂದರಂತೆ. ಯಾರೂ ಹೋಗಲಿಲ್ಲ. ಓದಿದವನು ಅಂಗಡಿಯಲ್ಲಿ ಕುಳಿತಿದ್ದ.

ಅಂದಿನಿಂದ ಅವರು ನನ್ನ ಅಂಗಡಿಯ ಮೆಟ್ಟಿಲು ಹತ್ತಿಲ್ಲ. ಒಂದೇ ಹಾಳೆ ಜೆರಾಕ್ಸ್ ಬೇಕಾದರೂ ಎಂಟರ ಬಸ್ಸು ಹಿಡಿದು ಪಕ್ಕದ ಊರು ಸಂಶಿಗೆ ಹೋಗುತ್ತಾರೆ. ನನ್ನ ಅಂಗಡಿಯ ಮುಂದೆಯೇ ಬಸ್ಸು ಹತ್ತುತ್ತಾರೆ. ಒಂಬತ್ತು ವರ್ಷದಲ್ಲಿ ಒಂದು ಕೆಟ್ಟ ಮಾತು ಆಡಲಿಲ್ಲ. ಬೈದಿದ್ದರೆ ನನಗೆ ನಿದ್ದೆಯಾದರೂ ಬರುತ್ತಿತ್ತು. ಬಹಳ ಸಂಕಟ ಆಗೇತ್ರಿ ಮಾಸ್ತರ.

ಈಗ ಪೊಟ್ಟಣದ ವಿಷಯ. ರಾಜಮಾಬಿ ಮತ್ತು ನಾನು ಸಭೆಗೆ ಮುಂಚೆ ಕುಳಿತು ಕಟ್ಟಿದ್ದೇವೆ. ಒಳಗೆ ಭಜಿಗೆ ಬೇರೆ ಹಾಳೆ ಇದೆ. ಹೊರಗಿನದು, ಅಚ್ಚಿನ ಬದಿ ಒಳಗೆ ಮಾಡಿ ಮಡಚಿದ್ದು, ನೂರಾಹದಿಮೂರು. ಬಿಚ್ಚಿರಿ. ಎಣ್ಣೆ ಹತ್ತುವ ಮೊದಲು ಓದಿರಿ. ಒಂದು ಮಾತು, ನೂರಾಹದಿಮೂರೂ ಕಡೆಗೆ ಅರ್ಧಕ್ಕೇ ನಿಲ್ಲುತ್ತದೆ. ಅಷ್ಟರಿಂದಲೇ ಹೊಸ ಜಗಳ ತೆಗೆಯಬೇಕೆನ್ನುವವರು ಪೂರ್ತಿ ಪುಸ್ತಕ ಓದಿ ಬರಬೇಕು. ಅಂಗಡಿಯಲ್ಲಿ ಇಟ್ಟಿದ್ದೇನೆ.

ಅರೆ, ಮಾಸ್ತರರು ಪೊಟ್ಟಣ ಬಿಚ್ಚಿದರು. ಭಜಿ ಬದಿಗಿಟ್ಟರು. ಹಾಳೆಯನ್ನು ತೊಡೆಯ ಮೇಲೆ ಸಾಪು ಮಾಡಿದರು. ಜೇಬಿಗೆ ಕೈ ಹಾಕಿದರು... ಸಭಿಕರೇ, ಕೆಂಪು ಪೆನ್ಸಿಲ್ಲು! ನಿಮ್ಮ ಪುಸ್ತಕದಾಗೂ ತಪ್ಪು ಸಿಕ್ತೇನ್ರಿ ಮಾಸ್ತರ? ಇಲ್ಲಿ ಹೇಳಬ್ಯಾಡ್ರಿ. ನಾಳೆ ಎಂಟಕ್ಕ ಅಂಗಡಿಗೆ ತಗೊಂಡು ಬರ್ರಿ, ಚಹಾ ಇಟ್ಟಿರ್ತೀನಿ. ಬಸ್ಸು ತನ್ನ ಪಾಡಿಗೆ ತಾನು ಹೋಗಲಿ.

ಐದು ನಿಮಿಷ ಕೊಟ್ಟು ಹದಿನೈದು ಸಹಿಸಿದ ತಮಗೆಲ್ಲ ಧನ್ಯವಾದಗಳು. ಓದಿ ಮುಗಿಸಿದವರು ಭಜಿ ತಿನ್ನಬಹುದು. ನಮಸ್ಕಾರ.