ಅಭ್ಯಾಸದ ಮುಖ

ಮಾನ್ಯ ಅಧ್ಯಕ್ಷರೇ, ಈ ಸೌಂದರ್ಯ ತರಬೇತಿ ಕೇಂದ್ರದ ಪ್ರಾಂಶುಪಾಲರೇ, ಪರೀಕ್ಷೆ ನಡೆಸಲು ಹೊರಗಿನಿಂದ ಬಂದು ಈ ವಾರ್ಷಿಕೋತ್ಸವಕ್ಕಾಗಿ ಉಳಿದುಕೊಂಡಿರುವ ಪರೀಕ್ಷಕರೇ, ಇಂದು ಪ್ರಮಾಣಪತ್ರ ಪಡೆಯಲಿರುವ ವಿದ್ಯಾರ್ಥಿನಿಯರೇ, ಅವರ ತಂದೆತಾಯಿಯರೇ, ಬಾಗಿಲ ಪಕ್ಕದ ಕುರ್ಚಿಗಳನ್ನೇ ಆರಿಸಿಕೊಂಡು ಕುಳಿತಿರುವ ಜಾಣ ಸಭಿಕರೇ,

ನನಗೆ ಕೊಟ್ಟ ವಿಷಯ ‘ದಿನನಿತ್ಯದ ಚರ್ಮದ ಆರೈಕೆ’. ಈ ಕಟ್ಟಡದ ಎದುರಿಗಿರುವ ಔಷಧಿ ಅಂಗಡಿ ನನ್ನದು. ನಿಮ್ಮ ವಿದ್ಯಾರ್ಥಿನಿಯರು ಹತ್ತಿಗೂ ಕೈಗವಸಿಗೂ ನನ್ನಲ್ಲಿಗೇ ಬರುತ್ತಾರೆ. ಕಳೆದ ವಾರ ಪ್ರಾಂಶುಪಾಲರು ಅಂಗಡಿಗೆ ಬಂದು, “ಮೇಡಂ, ನಮ್ಮ ಹುಡುಗಿಯರಿಗೆ ನಾಲ್ಕು ಒಳ್ಳೆಯ ಮಾತು ಹೇಳಿ, ಒಂದು ಬಹುಮಾನ ಕೊಟ್ಟು ಹೋಗಿ” ಎಂದರು. ಒಪ್ಪಿಕೊಂಡೆ. ಒಳ್ಳೆಯ ಮಾತುಗಳನ್ನು ಮೊದಲು ಹೇಳಿಬಿಡುತ್ತೇನೆ.

ಮುಖ ತೊಳೆಯುವ ಮೊದಲು ಕೈ ತೊಳೆಯಿರಿ. ನಗಬೇಡಿ, ಹೆಚ್ಚಿನವರು ಬಿಟ್ಟುಬಿಡುವುದು ಇದನ್ನೇ. ಬಾಗಿಲ ಚಿಲಕ, ಫೋನು, ಬಸ್ಸಿನ ಕಂಬಿ ಎಲ್ಲವನ್ನೂ ಹಿಡಿದ ಕೈ ಅದು. ಆಮೇಲೆ ಸೌಮ್ಯವಾದ ಸೋಪಿನಿಂದ, ಪಾತ್ರೆ ತಿಕ್ಕಿದಂತೆ ತಿಕ್ಕದೆ, ಮುಖ ತೊಳೆಯಿರಿ. ಒದ್ದೆ ಪೂರ್ತಿ ಆರುವ ಮೊದಲೇ ತೇವ ಉಳಿಸುವ ಕ್ರೀಮು. ಹಗಲಿನಲ್ಲಿ ಹೊರಗೆ ಹೊರಡುವವರಿಗೆ ಬಿಸಿಲು ತಡೆಯುವ ಲೋಷನ್ನು. ಮಲಗುವ ಮುನ್ನ ಹಚ್ಚಿಕೊಂಡದ್ದನ್ನೆಲ್ಲ ತೊಳೆದು ತೆಗೆಯಿರಿ. ಇಷ್ಟೇ. ಹೊಸದೇನನ್ನಾದರೂ ಹಚ್ಚಬೇಕೆನಿಸಿದರೆ ಮೊದಲು ತೋಳಿನ ಒಳಬದಿಗೆ ಸ್ವಲ್ಪ ಹಚ್ಚಿ, ಕಾದು ನೋಡಿ. ಅದಕ್ಕೆ ಚರ್ಮ ಒಗ್ಗಿಕೊಂಡ ಮೇಲಷ್ಟೇ ಮುಂದಿನ ಹೊಸದು. ಬಾಟಲಿ ಮಾರುವವಳೇ ಕಡಿಮೆ ಬಾಟಲಿ ಕೊಳ್ಳಿ ಎನ್ನುತ್ತಿದ್ದೇನೆ, ನಂಬಬಹುದು.

ಭಾಷಣ ಇಲ್ಲಿಗೆ ಮುಗಿಯಬೇಕಾಗಿತ್ತು. ಚಪ್ಪಾಳೆಗೆ ಕೈ ಎತ್ತಿದವರು ದಯವಿಟ್ಟು ಕೆಳಗಿಳಿಸಿ.

ಈ ಮೇಜಿನ ಮೇಲೆ ಒಂದು ಹೊಳೆಯುವ ಕಪ್ ಇದೆ. ನಾನು ಕೊಡಬೇಕಾದ ಬಹುಮಾನ ಇದೇ. ಇದರ ಮೇಲೆ ‘ಸಹನಾ ಪ್ರಶಸ್ತಿ’ ಎಂದು ಕೆತ್ತಿಸಿದ್ದಾರೆ. ವರ್ಷವಿಡೀ ತರಗತಿಯಲ್ಲಿ ತನ್ನ ಮುಖವನ್ನು ಪ್ರಯೋಗಕ್ಕೆ ಒಡ್ಡಿದ ವಿದ್ಯಾರ್ಥಿನಿಗೆ ಇದು ಸಲ್ಲುತ್ತದಂತೆ. ಸಹನೆ! ಯಾರ ಸಹನೆ? ಯಾರಿಗಾಗಿ ಸಹನೆ? ಉರಿಯುವ ಮುಖವನ್ನು ಹೊತ್ತು ಸುಮ್ಮನಿರುವುದಕ್ಕೆ ಕಪ್ ಕೊಡುವುದಾದರೆ, ಉರಿಸಿದವರಿಗೆ ಏನು ಕೊಡುತ್ತೀರಿ?

ಎರಡನೆಯ ಸಾಲಿನ ಅಂಚಿನಲ್ಲಿ, ಮುಖಕ್ಕೆ ಬಟ್ಟೆಯ ಮಾಸ್ಕ್ ಹಾಕಿಕೊಂಡು ಕುಳಿತಿರುವ ಹುಡುಗಿಯನ್ನು ನೀವು ಇಲ್ಲಿ ‘ಮಾಡೆಲ್’ ಎಂದು ಕರೆಯುತ್ತೀರಿ. ನಾವು ಮನೆಯಲ್ಲಿ ಗುಬ್ಬಿ ಎನ್ನುತ್ತೇವೆ. ಅವಳು ನನ್ನ ತಂಗಿಯ ಮಗಳು. ಹೌದು ಪ್ರಾಂಶುಪಾಲರೇ, ನಾನು ಅವಳ ದೊಡ್ಡಮ್ಮ. ಕರೆಯಲು ಬಂದಾಗ ನೀವು ಕೇಳಲಿಲ್ಲ, ನಾನು ಹೇಳಲಿಲ್ಲ.

ಇಲ್ಲಿನ ಪದ್ಧತಿ ಪೋಷಕರಿಗೆ ತಿಳಿದಿರಲಾರದು. ತರಗತಿ ಶುರುವಾದಾಗ ಪ್ರಯೋಗ ತೋರಿಸಲು ಒಂದು ಮುಖ ಆರಿಸುತ್ತಾರೆ. ಅದಕ್ಕೆ ಅಭ್ಯಾಸದ ಮುಖ ಎಂದು ಹೆಸರು. ಈ ವರ್ಷ ಗುಬ್ಬಿಯದನ್ನು ಆರಿಸಿದರು. ಯಾಕೆ? ಅವಳ ಚರ್ಮ ತೆಳು, ಮುಟ್ಟಿದರೆ ಕೆಂಪಾಗುತ್ತದೆ. “ನಿಂದು ಬೇಗ ತೋರಿಸುತ್ತೆ ಕಣಮ್ಮ, ಕೊನೇ ಬೆಂಚಿನವರಿಗೂ ಅರ್ಥ ಆಗುತ್ತೆ” ಎಂದರಂತೆ. ಯಾವ ಚರ್ಮವನ್ನು ಎಲ್ಲಕ್ಕಿಂತ ಜೋಪಾನವಾಗಿ ನೋಡಿಕೊಳ್ಳಬೇಕಾಗಿತ್ತೋ, ಅದನ್ನೇ ಕರಿಹಲಗೆ ಮಾಡಿಕೊಂಡರು!

ಒಂದು ಮಧ್ಯಾಹ್ನ ಅವಳು ಅಂಗಡಿಗೆ ಬಂದು ಐಸ್ ಇದೆಯಾ ಎಂದಳು. ಮಾಸ್ಕ್ ತೆಗೆಸಿದೆ. ಕೆನ್ನೆ ಬೆಂದ ಹಾಗಿತ್ತು.

“ಏನೇ ಇದು?”

“ಏನಿಲ್ಲ ದೊಡ್ಡಮ್ಮ, ಇವತ್ತು ಪೀಲ್ ಇತ್ತು, ಮೇಲಿನ ಚರ್ಮ ಸುಲಿಯೋದು.”

“ನಿನ್ನೆ?”

“ಬ್ಲೀಚು.”

“ಮೊನ್ನೆ?”

“ಸ್ಕ್ರಬ್ಬು. ಅದೇನು ಅಷ್ಟು ಉರೀಲಿಲ್ಲ.”

“ಬೇಡ ಅನ್ನೋಕೆ ನಿಂಗೆ ಬಾಯಿಲ್ವಾ?”

“ಬಾಯಿ ಸುತ್ತ ಪ್ಯಾಕ್ ಹಾಕಿರ್ತಾರೆ. ಮಾತಾಡಿದ್ರೆ ಬಿರುಕು ಬಿಡುತ್ತೆ ಅಂತ ಬೈತಾರೆ.”

ನೀವು ನಗುತ್ತಿದ್ದೀರಿ. ಅವಳೂ ನಕ್ಕಳು, ಆದರೆ ಕೆನ್ನೆ ಎಳೆದು ನೋವಾಗಿ ನಗು ಅರ್ಧಕ್ಕೇ ನಿಂತಿತು.

ಬ್ಲೀಚ್ ಕಲಿಸುವವರು ಬ್ಲೀಚನ್ನು ಸರಿಯಾಗಿಯೇ ಕಲಿಸಿದರು. ಪೀಲ್ ಕಲಿಸುವವರು ಪೀಲನ್ನು ಸರಿಯಾಗಿಯೇ ಕಲಿಸಿದರು. ಒಬ್ಬರು ಏನು ಹಚ್ಚಿದರೆಂದು ಇನ್ನೊಬ್ಬರು ಕೇಳಲಿಲ್ಲ. ಪಿರಿಯಡ್ಡುಗಳು ಬೇರೆ ಬೇರೆ, ಮುಖ ಒಂದೇ. ಎಲ್ಲ ಪಿರಿಯಡ್ಡಿಗೂ ತಪ್ಪದೆ ಹಾಜರಾದದ್ದು ಆ ಮುಖ ಮಾತ್ರ. ಒಂದು ಹೊಸದಕ್ಕೆ ಚರ್ಮ ಒಗ್ಗಿದ ಮೇಲೆ ಇನ್ನೊಂದು ಎಂದು ನಾನು ಈಗ ಹೇಳಿದಾಗ ಈ ವೇದಿಕೆಯ ಮೇಲಿದ್ದವರೆಲ್ಲ ತಲೆಯಾಡಿಸಿದರು. ನಾನು ನೋಡಿದೆ.

ಆವತ್ತೇ ರಸ್ತೆ ದಾಟಿ ಬರುವವಳಿದ್ದೆ. ಗುಬ್ಬಿ ಸೆರಗು ಹಿಡಿದುಕೊಂಡಳು. “ಬೇಡ ದೊಡ್ಡಮ್ಮ. ಪರೀಕ್ಷೆ ಮುಗಿಯೋವರೆಗೂ ಬಾಯಿ ಬಿಡಬೇಡ. ನಂಗೆ ಈ ಕೆಲಸ ಬೇಕು.” ಮಾತು ಕೊಟ್ಟೆ. ಮನೆಯಲ್ಲಿ ನೀರು, ಕ್ರೀಮು, ನೆರಳು ಇವಿಷ್ಟನ್ನು ಬಿಟ್ಟು ಬೇರೇನೂ ಮುಟ್ಟಿಸಲಿಲ್ಲ. ಇಲ್ಲಿಗೆ ಬಂದರೆ ಮತ್ತೆ ಅದೇ ಪ್ರಯೋಗದ ಕುರ್ಚಿ.

ಈಗ ಪರೀಕ್ಷೆ ಮುಗಿದಿದೆ. ಎಲ್ಲರದೂ ಮುಗಿದಿದೆ, ಅವಳದೊಂದನ್ನು ಬಿಟ್ಟು. ಪರೀಕ್ಷಕರೇ, ಇದು ನಿಮಗೆ ತಿಳಿದಿರಲಿಕ್ಕಿಲ್ಲ. ಪ್ರಾಯೋಗಿಕ ಪರೀಕ್ಷೆಯ ಬೆಳಿಗ್ಗೆ ಈ ಕೇಂದ್ರದವರು ಇವಳನ್ನು ಪಕ್ಕಕ್ಕೆ ಕರೆದು, “ಈ ಮುಖ ಇಟ್ಕೊಂಡು ಪರೀಕ್ಷಕರ ಮುಂದೆ ನಿಂತ್ರೆ ನಮ್ಮ ಕೇಂದ್ರದ ಮರ್ಯಾದೆ ಏನಾಗಬೇಕು? ನಿಂಗೆ ಮುಂದಿನ ವರ್ಷ ನೋಡೋಣ” ಎಂದರು. ಮುಖವನ್ನು ಹಾಗೆ ಮಾಡಿದವರು ಯಾರು? ಮರ್ಯಾದೆ ಹೋದದ್ದು ಯಾರದು? ಮುಂದಿನ ವರ್ಷವೂ ಆ ಕುರ್ಚಿಯಲ್ಲಿ ಇದೇ ಮುಖ ಬೇಕೆಂದೇ?

ಕ್ಷಮಿಸಿ, ನೀರು ಕುಡಿಯುತ್ತೇನೆ.

ನನ್ನ ಮುಖಕ್ಕೂ ಇದಕ್ಕೂ ಸಂಬಂಧವಿಲ್ಲ. ಆದರೂ ಒಂದು ಮಾತು. ನಮ್ಮ ಮನೆಯಲ್ಲಿ ಒಂದೇ ಕನ್ನಡಿ ಇತ್ತು. ಅದು ತಂಗಿಯದು, ಯಾಕೆಂದರೆ ನೋಡಲು ಚೆನ್ನಾಗಿದ್ದವಳು ಅವಳು. ಬಂದ ನೆಂಟರು ಅವಳನ್ನು ನೋಡಿ, ಆಮೇಲೆ ನನ್ನನ್ನು ನೋಡಿ, “ಇವಳು ಸ್ವಂತ ಅಕ್ಕನಾ?” ಎನ್ನುತ್ತಿದ್ದರು. ನಾನು ಕನ್ನಡಿ ಇಲ್ಲದೆ ಮುಖ ತೊಳೆಯಲು ಕಲಿತೆ. ನನ್ನ ಮುಖವನ್ನು ನನ್ನ ಕೈ ಬಿಟ್ಟು ಇನ್ನೊಂದು ಕೈ ಮುಟ್ಟಿದ್ದು ತೀರಾ ಅಪರೂಪ. ಗುಬ್ಬಿ ಚಿಕ್ಕವಳಿದ್ದಾಗ ಒಮ್ಮೆ ಅಂಗಡಿಯ ಸ್ಟೂಲಿನ ಮೇಲೆ ನಿಂತು, “ದೊಡ್ಡಮ್ಮ, ಅಲ್ಲಾಡಬೇಡ” ಎಂದು ಗದರಿಸಿ, ಪೆನ್ಸಿಲಿನಿಂದ ನನಗೆ ಹುಬ್ಬು ಬರೆದಿದ್ದಳು. ಒಂದು ಮೇಲೆ, ಒಂದು ಕೆಳಗೆ. ಗ್ರಾಹಕರೆಲ್ಲ ನಕ್ಕರು. ನಾನು ಅಂಗಡಿ ಮುಚ್ಚುವವರೆಗೂ ಒರೆಸಿಕೊಳ್ಳಲಿಲ್ಲ.

ಇದನ್ನು ಯಾಕೆ ಹೇಳಿದೆನೋ ಗೊತ್ತಿಲ್ಲ. ವಿಷಯಕ್ಕೆ ಬರುತ್ತೇನೆ.

ಮೊನ್ನೆ ನಾನು ಸಿಟ್ಟಿನಲ್ಲಿ, “ವರ್ಷ ಪೂರ್ತಿ ಆ ಕುರ್ಚಿಯಲ್ಲಿ ಒರಗಿಕೊಂಡು ಏನು ಕಲಿತೆ?” ಎಂದು ಕೇಳಿದೆ. ಅವಳು, “ಯಾರ ಕೈ ಭಾರ, ಯಾರದ್ದು ಹಗುರ ಅಂತ ಕಣ್ಣು ಮುಚ್ಚಿ ಹೇಳ್ತೀನಿ. ನೋವಾದಾಗೆಲ್ಲ ಯಾವ ಬೆರಳು ಎಲ್ಲಿ ತಪ್ಪಿತು ಅಂತ ನೋಡ್ಕೊಂಡೆ. ನನ್ನ ಕೈಯಲ್ಲಿ ಯಾರಿಗೂ ನೋವಾಗಲ್ಲ ದೊಡ್ಡಮ್ಮ” ಎಂದಳು. ಇಷ್ಟು ಕಲಿತವಳನ್ನು ನೀವು ಪರೀಕ್ಷೆಗೇ ಕೂರಿಸಲಿಲ್ಲ. ಅವಳಿಗೆ ಬೇಕಾದದ್ದು ಪ್ರಮಾಣಪತ್ರ. ನೀವು ಕೊಡುತ್ತಿರುವುದು ಕಪ್. ನೀರು ಕುಡಿಯಲೂ ಬರದ ಕಪ್.

ಆದ್ದರಿಂದ ಈ ಬಹುಮಾನವನ್ನು ನಾನು ಕೊಡುವುದಿಲ್ಲ. ಪ್ರಾಂಶುಪಾಲರೇ, ಕುಳಿತುಕೊಳ್ಳಿ. ಮೈಕು ಆರಿಸಿದರೂ ನನ್ನ ಧ್ವನಿ ಬಾಗಿಲವರೆಗೆ ಮುಟ್ಟುತ್ತದೆ, ಅಂಗಡಿಯಲ್ಲಿ ನಿಂತು ಕೂಗಿ ಅಭ್ಯಾಸವಿದೆ. ಪರೀಕ್ಷಕರೇ, ನಿಮ್ಮ ಬಸ್ಸು ಸಂಜೆಗೆ ಎಂದು ಈಗಷ್ಟೇ ಅಧ್ಯಕ್ಷರಿಗೆ ಹೇಳುತ್ತಿದ್ದಿರಿ. ಸಮಯವಿದೆ. ವಿದ್ಯಾರ್ಥಿನಿ ಇಲ್ಲೇ ಇದ್ದಾಳೆ. ಪ್ರಾತ್ಯಕ್ಷಿಕೆಗೆಂದು ತಂದಿಟ್ಟ ಒರಗು ಕುರ್ಚಿ, ನೀರು, ಟವೆಲು ಈ ವೇದಿಕೆಯ ಮೇಲೇ ಇವೆ. ಪರೀಕ್ಷೆಗೆ ಕೂರಿಸಲು ಒಂದು ಮುಖ ಬೇಕು, ಅಷ್ಟೇ ತಾನೇ?

ಇದೋ, ನನ್ನದು.

ಕನ್ನಡಕ ತೆಗೆದಿಟ್ಟಿದ್ದೇನೆ. ಹಾಗಾಗಿ ಈಗ ನೀವ್ಯಾರೂ ನನಗೆ ಸರಿಯಾಗಿ ಕಾಣುತ್ತಿಲ್ಲ, ಯಾರು ಸಿಟ್ಟಾಗಿದ್ದೀರಿ ಎಂಬುದೂ ತಿಳಿಯುತ್ತಿಲ್ಲ. ಪರೀಕ್ಷಕರು ಎದ್ದು ಬಂದು ಕುರ್ಚಿಯ ಪಕ್ಕ ನಿಂತಿರುವುದು ಮಾತ್ರ ಮಸುಕಾಗಿ ಕಾಣುತ್ತಿದೆ. ಅವರಿಗೆ ನನ್ನ ಕೃತಜ್ಞತೆ. ಇಲ್ಲಿಯವರೆಗೆ ಕೇಳಿದ ನಿಮಗೂ, ಯೋಚಿಸದೆ ನನ್ನನ್ನು ಕರೆದ ಪ್ರಾಂಶುಪಾಲರಿಗೂ ಧನ್ಯವಾದ.

ಬಾ ಗುಬ್ಬಿ. ಮಾಸ್ಕ್ ತೆಗೆದು ಬಾ, ಎಲ್ಲರೂ ನೋಡಲಿ. ಮೊದಲು ಕೈ ತೊಳೆದುಕೋ. ನಾನು ಅಲ್ಲಾಡುವುದಿಲ್ಲ.

ಎಲ್ಲರಿಗೂ ನಮಸ್ಕಾರ.