ರೆಕ್ಕೆಯ ಮೇಲೆ ಎರಡು ಗೆರೆ

ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಕಣ್ಣಿನ ಆಸ್ಪತ್ರೆಯಲ್ಲಿ ಹದಿನಾಲ್ಕನೇ ನಂಬರ್ ಕೂಗಿದ್ದರು. ಸರದಿಗೆ ಕಾಯುತ್ತಿದ್ದ ಲೈಬ್ರರಿ ಮೇಡಂ ಒಬ್ಬರದು ಹದಿನಾರು. ಅವರ ಪಕ್ಕದ ಬೆಂಚಿನಲ್ಲಿ ಯೂನಿಫಾರಂ ತೊಟ್ಟ ಬಸ್ ಡ್ರೈವರೊಬ್ಬರು ತಂಗಿಯೊಂದಿಗೆ ಕೂತಿದ್ದರು. ತಂಗಿಯ ಕೈಯಲ್ಲಿ, ಅಣ್ಣ ಬಿಡುವಿನಲ್ಲಿ ಬಿಡಿಭಾಗ ಜೋಡಿಸಿ ಮಾಡುವ ಪುಟ್ಟ ಪ್ಲಾಸ್ಟಿಕ್ ವಿಮಾನದ ರೆಕ್ಕೆಯಿತ್ತು.

“ಅದನ್ಯಾಕೆ ಹೊತ್ಕೊಂಡ್ ಬಂದೆ ತಾಯಿ? ಇಲ್ಲಿ ವಿಮಾನ ರಿಪೇರಿ ಮಾಡಲ್ಲ.”

“ಡಾಕ್ಟ್ರಿಗೆ ತೋರ್ಸೋಕೆ. ರೆಕ್ಕೆ ಮೇಲೆ ತಗಡಿನ ಜೋಡಣೆ ಥರ ಕಾಣೋ ಗೆರೆ, ಅಂಟಿಸಿ ನುಣ್ಣಗೆ ಉಜ್ಜುವಾಗ ಅಳಿಸಿಹೋಗುತ್ತೆ, ಸೂಜೀಲಿ ಮತ್ತೆ ಕೊರೀತೀಯಲ್ಲಣ್ಣಾ? ಅಳಿಸಿದ್ದು ಒಂದು. ಕೊರೆದಿರೋದು ಎರಡು, ನೋಡು.”

“ಕೈ ಜಾರಿರ್ಬೇಕು.”

“ಜಾರಿದ್ರೆ ಸೊಟ್ಟಗೆ ಹೋಗ್ತಿತ್ತು. ಇದು ಸ್ಕೇಲ್ ಇಟ್ಟು ಎಳೆದಂಗಿದೆ. ಮೂವತ್ತು ವರ್ಷದಲ್ಲಿ ನಿನ್ ಕೈ ಯಾವತ್ತು ಜಾರಿದೆ?”

ಡ್ರೈವರ್ ರೆಕ್ಕೆಯನ್ನು ಅಂಗೈಯಿಂದ ಮುಚ್ಚಿದರು.

“ಎಲ್ಲಾ ಎರಡೆರಡು ಕಾಣ್ಸುತ್ತೆ, ಅಲ್ವಾ?”

“ಮೆಲ್ಲಗೆ ಮಾತಾಡೇ. ಸಾಯಂಕಾಲ ಮಾತ್ರ, ಸುಸ್ತಾದಾಗ. ಒಂದ್ ಕಣ್ಣು ಮುಚ್ಕೊಂಡ್ರೆ ಸರಿಹೋಗುತ್ತೆ.”

“ಮುಚ್ಕೊಂಡೇ ಓಡಿಸ್ತೀಯಾ? ಸಾಯಂಕಾಲ ತಾನೇ ನಿನ್ ಬಸ್ ತುಂಬಾ ಸ್ಕೂಲ್ ಮಕ್ಕಳು ಇರೋದು?”

“ಹೇಳಿದ್ರೆ ಸ್ಟೇರಿಂಗ್ ಬಿಡಿಸಿ ಡಿಪೋ ಗೇಟ್ ಕಾಯೋಕೆ ಹಾಕ್ತಾರೆ.”

“ಕಾಯ್ಕೊಂಡಿರು. ಅದೇನ್ ತಲೆ ಹೋಗೋ ವಿಷ್ಯವಾ?”

“ನಿಂಗೆ ಅರ್ಥ ಆಗಲ್ಲ ಬಿಡು. ನಂಗೆ ಬೇರೇನೂ ಬರಲ್ಲ ಕಣೇ.”

“ಹದಿನೈದು!” ಎಂದು ನರ್ಸ್ ಕೂಗಿದರು.

“ನೀನಿಲ್ಲೇ ಇರು.”

“ಆಗಲ್ಲಣ್ಣಾ.”

ಇಬ್ಬರೂ ಒಳಗೆ ಹೋದರು. ಹತ್ತೂ ಐವತ್ತಕ್ಕೆ ಹೊರಬಂದ ಡ್ರೈವರ್, ಮೆಟ್ಟಿಲ ಬಳಿ ನಿಂತು ಡಿಪೋಗೆ ಫೋನ್ ಮಾಡಿ, ನಾಲ್ಕು ಗಂಟೆಯ ಬಸ್ಸಿಗೆ ಬೇರೆಯವರನ್ನು ಹಾಕಲು ಹೇಳಿದರು.