ಪೇಪರಲ್ಲಿ ಇಲ್ದಿದ್ದ ಹೆಸರು

...ಅದ್ರಲ್ಲಿ ಹೆಸರೇ ಬರ್ದಿರ್ಲಿಲ್ಲ ಕಣ್ರೋ, ಅದೇ ನಾನು ಹೇಳ್ತಿರೋದು. ಯುದ್ಧದ ಕಾಲ, ನಂಗೆ ವಿಮಾನಪುರದ ಫ್ಯಾಕ್ಟರೀಲಿ ಆಗ್ತಾನೆ ಕೆಲಸ ಸಿಕ್ಕಿತ್ತು. ಆರು ತಿಂಗಳು, ಅಲ್ಲಲ್ಲ, ನಾಲ್ಕೇ ತಿಂಗಳಾಗಿತ್ತು. ನಾವಿದ್ದಿದ್ದು ಮರ್ಫಿ ಟೌನಲ್ಲಿ. ಭಾನುವಾರ ಬೆಳಿಗ್ಗೆ ಕ್ಷೌರದಂಗಡಿ ಬೆಂಚ್ ಮೇಲೆ ಕೂತ್ಕೊಂಡು ನಾನು ಪೇಪರ್ ಓದೋದು, ಇಡೀ ಬೀದಿ ನಿಂತು ಕೇಳೋದು. ಕನ್ನಡ ಓದೋಕೆ ಬರ್ತಿದ್ದೋರೇ ಕಮ್ಮಿ, ನಂಗೋ ಜಂಬ, ನಾಟಕದೋರ ಥರ ಗಂಟಲು ಏರಿಸಿ ಓದ್ತಿದ್ದೆ. ಅವತ್ತು ಒಂದು ಸುದ್ದಿ. ನಮ್ಮ ಹಲಸೂರು ಕಡೆ ಒಂದು ರೇಷನ್ ಡಿಪೋದವರು ಬಡವರ ಅಕ್ಕೀನ ಕಾಳಸಂತೆಗೆ ಸಾಗಿಸ್ತಾರಂತೆ, ಅಷ್ಟೇ ಇದ್ದಿದ್ದು. ಹಿಂದಿನ ವಾರ ನಮ್ಮ ಡಿಪೋ ಮುನಿಸ್ವಾಮಣ್ಣ ನಮ್ಮಮ್ಮಂಗೆ ಅಕ್ಕಿ ಮುಗೀತು ಅಂತ ಬರೀ ಜೋಳ ಕೊಟ್ಟು ಕಳಿಸಿದ್ರು. ಆ ಸಿಟ್ಟು ಹೊಟ್ಟೇಲಿತ್ತು ನೋಡಿ. ಓದ್ತಾ ಓದ್ತಾ ಅವರ ಹೆಸರನ್ನೂ ಸೇರಿಸಿ ಓದ್ಬಿಟ್ಟೆ.

ಅಚ್ಚಾಗಿದೆ ಅಂದ್ಮೇಲೆ ಮುಗೀತಲ್ಲ, ಯಾರು ಅನುಮಾನ ಪಡ್ತಾರೆ? ಮಾರನೇ ದಿನ ಹೆಂಗಸ್ರು ಡಿಪೋ ಮುಂದೆ ಮಣ್ಣು ತೂರಿದ್ರು. ಅಧಿಕಾರಿಗಳು ಬಂದು ಮೂಟೆ ತೂಗಿಸಿ ಎಲ್ಲಾ ಸರಿಯಾಗಿದೆ ಅಂದ್ರು, ಅದನ್ನ ಯಾರೂ ಕಿವಿಗೇ ಹಾಕ್ಕೊಳ್ಳಿಲ್ಲ. ಅವರ ಮಗಳಿಗೆ ಗೊತ್ತಾಗಿದ್ದ ಮದುವೇನೂ ಮುರಿದು ಬಿತ್ತು. ಪಾಪ, ಏನು ಲಕ್ಷಣವಾಗಿದ್ಲು ಅಂತೀರಾ ಆ ಹುಡುಗಿ. ಮುನಿಸ್ವಾಮಣ್ಣಂಗೆ ತಮಿಳು ಓದೋಕೆ ಬರ್ತಿತ್ತೇ ಹೊರ್ತು ಕನ್ನಡ ಅಕ್ಷರ ಗೊತ್ತಿರ್ಲಿಲ್ಲ. ಪತ್ರಿಕೆಯೋರ ಮೇಲೆ ಮಾನನಷ್ಟದ ಕೇಸ್ ಹಾಕ್ತೀನಿ ಅಂತ ಆ ಪೇಪರ್ ಹಿಡ್ಕೊಂಡು ದಂಡಿನ, ಅದೇ ಕಂಟೋನ್ಮೆಂಟಿನ, ವಕೀಲರ ಹತ್ರ ಹೋದ್ರು. ವಕೀಲರು ಓದಿ ನೋಡಿ, ಇದ್ರಲ್ಲಿ ನಿಮ್ಮ ಹೆಸರೇ ಇಲ್ವಲ್ರೀ, ಹೆಸರು ಸೇರಿಸಿದೋನು ಯಾರು ಹೇಳಿ, ಅವನ ಮೇಲೆ ಹಾಕೋಣ ಅಂದ್ರಂತೆ.

ಮುನಿಸ್ವಾಮಣ್ಣ ಸೀದಾ ನಮ್ಮನೆಗೆ ಬಂದ್ರು. ಬೈಲಿಲ್ಲ ಕಣ್ರೋ, ಬೈದಿದ್ರೆ ಚೆನ್ನಾಗಿತ್ತು.

"ಯಾರು ಅಂತ ಗೊತ್ತಿಲ್ಲ ಅಂದ್ಬಿಟ್ಟೆ ತಂಬಿ," ಅಂದ್ರು. "ಹೊಸ ಕೆಲಸ ನಿಂದು, ಕೋರ್ಟು ಕಚೇರಿ ಅಂದ್ರೆ ತೆಗೆದ್ಬಿಡ್ತಾರೆ. ಭಾನುವಾರ ಅದೇ ಬೆಂಚ್ ಮೇಲೆ ಕೂತು, ನನ್ನ ಹೆಸರು ಅದ್ರಲ್ಲಿ ಇರ್ಲಿಲ್ಲ ಅಂತ ಹೇಳ್ಬಿಡು. ಅಷ್ಟು ಸಾಕು."

ಆಯ್ತಣ್ಣ ಅಂದೆ.

ಭಾನುವಾರ ಹೋಗಿ ಕೂತೆ. ಎಲ್ಲಾ ಬಂದಿದ್ರು. ಮುನಿಸ್ವಾಮಣ್ಣ ಎದುರುಗಡೆ ಗೋಡೆಗೆ ಒರಗಿ ನಿಂತಿದ್ರು, ಒಗೆದ ಪಂಚೆ ಉಟ್ಕೊಂಡು ಬಂದಿದ್ರು. ನಾನು ಯುದ್ಧದ ಸುದ್ದಿ ಓದ್ದೆ, ಮಳೆ ಸುದ್ದಿ ಓದ್ದೆ, ಸಿನಿಮಾ ಜಾಹೀರಾತೂ ಬಿಡದೆ ಓದ್ದೆ. ಈಗ ಹೇಳ್ತೀನಿ, ಈಗ ಹೇಳ್ತೀನಿ ಅನ್ಕೊಂಡೆ. ಇವನು ಓದೋದೆಲ್ಲಾ ಸುಳ್ಳು ಅಂತಾರಲ್ಲ ಅನ್ನೋ ನಾಚಿಕೆ, ಬಾಯೇ ಬರ್ಲಿಲ್ಲ. ಪೇಪರ್ ಮಡಿಸ್ಬಿಟ್ಟೆ. ಮುನಿಸ್ವಾಮಣ್ಣ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದು ಹೊರಟೋದ್ರು. ಆ ತಿಂಗಳೇ ಡಿಪೋ ಬಿಟ್ಟು, ಸಂಸಾರ ಕಟ್ಕೊಂಡು ಕೆ.ಆರ್. ಪುರದ ಕಡೆ ಹೋದ್ರಂತೆ. ನಾನು ಹುಡುಕ್ಕೊಂಡು ಹೋಗ್ಲಿಲ್ಲ. ಹೋಗ್ಬೇಕಿತ್ತು.

ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು ಅಂತಾರೆ. ಆಡಿದ್ಮೇಲೂ ಒಂದು ಭಾನುವಾರ ಸಿಗತ್ತೆ ಕಣ್ರೋ. ಅದನ್ನ ಕಳ್ಕೋಬೇಡಿ.